ಆ ಹೊತ್ತಿನ ಅಕ್ಕಿಯಷ್ಟು

(ಶ್ರಾವಣ ಮಾಸದಲ್ಲಿ ನಮ್ಮ ಬಡಾವಣೆಯವರು ನಡೆಸಿದ ಸಂಜೆಯ ಗೋಷ್ಠಿಯಲ್ಲಿ, ದುಡಿಯುವವರು ಕೊರಳಲ್ಲಿ ಧರಿಸುವ ಇಷ್ಟಲಿಂಗದ ಪೂಜೆಯನ್ನು ದಿನವೂ ಮಾಡಿಕೊಳ್ಳುವುದು ಹೇಗೆ ಎಂಬ ವಿಷಯವಾಗಿ ಮಾತನಾಡಿದ್ದರ ಬರಹ ರೂಪ.)

ನಾನು ಪ್ರವಚನ ಮಾಡಿ ರೂಢಿ ಇರುವವಳಲ್ಲ. ಮೂವತ್ತೆರಡು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದವಳು. ಮಾತನಾಡಬೇಕೆಂದು ಕರೆಯಲು ಬಂದಾಗ, ಶಾಸ್ತ್ರ ಬಲ್ಲವರನ್ನು ಕರೆಯಿರಿ ಎಂದೆ. ಬಂದವರಲ್ಲೊಬ್ಬರು, "ಶಾಸ್ತ್ರ ಹೇಳುವವರು ಬೇಕಾದಷ್ಟು ಸಿಗುತ್ತಾರೆ ಅಕ್ಕಾವರೇ, ರಾತ್ರಿ ಪಾಳಿ ಮಾಡಿಯೂ ಲಿಂಗಪೂಜೆ ತಪ್ಪಿಸದವರು ಸಿಗುವುದಿಲ್ಲ" ಎಂದರು. ತಪ್ಪಿಸಿಲ್ಲ ಎಂಬ ಮಾತು ಸುಳ್ಳು. ಬಹಳ ಸಲ ತಪ್ಪಿಸಿದ್ದೇನೆ. ಒಮ್ಮೆಯಂತೂ ಎರಡು ವರ್ಷ ಪೂರ್ತಿ ಬಿಟ್ಟಿದ್ದೆ. ಅದನ್ನೂ ಹೇಳುತ್ತೇನೆ, ಮುಚ್ಚಿಡುವಂಥದ್ದೇನಲ್ಲ.

ನಿಮ್ಮಲ್ಲಿ ಅರ್ಧಕ್ಕೂ ಹೆಚ್ಚು ಜನ ಕೆಲಸದಿಂದ ನೇರ ಇಲ್ಲಿಗೇ ಬಂದಂತಿದೆ. ಊಟದ ಡಬ್ಬಿಯ ಚೀಲ ಇನ್ನೂ ಕಾಲ ಬಳಿಯೇ ಇದೆ. ಪೂಜೆಗೆ ಹೊತ್ತಿಲ್ಲ ಎಂದು ನೀವು ಹೇಳಿದರೆ ನಾನು ನಂಬುತ್ತೇನೆ. ಆದರೆ ಒಂದು ಮಾತು ಯೋಚನೆ ಮಾಡಿ. ಈ ಇಷ್ಟಲಿಂಗವನ್ನು ಕೊರಳಿಗೆ ಕಟ್ಟಿದ್ದು ಯಾರಿಗೆ? ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅದನ್ನು ಕಟ್ಟಿಕೊಂಡವರ ಹೆಸರುಗಳನ್ನೇ ನೋಡಿ: ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಒಕ್ಕಲಿಗ ಮುದ್ದಣ್ಣ, ವೈದ್ಯ ಸಂಗಣ್ಣ, ಕದಿರ ರೆಮ್ಮವ್ವೆ. ಹೆಸರಿನ ಮೊದಲ ಅರ್ಧವೇ ಉದ್ಯೋಗ. ಇವರಲ್ಲಿ ಪುರುಸೊತ್ತು ಇದ್ದವರು ಯಾರು ಹೇಳಿ. ಹೊಳೆಯಲ್ಲಿ ಬಟ್ಟೆ ಒಗೆಯುವವನು ಒದ್ದೆ ಬಟ್ಟೆ ಬಿಟ್ಟು ಗುಡಿಯ ಬಾಗಿಲು ತೆಗೆಯುವ ಹೊತ್ತಿಗೆ ಓಡಲಾರ. ಓಡಿದರೂ ಒಳಗೆ ಬಿಡುತ್ತಿರಲಿಲ್ಲ, ಅದು ಬೇರೆ ಮಾತು. ಸ್ವತಃ ಬಸವಣ್ಣನವರು ಬಿಜ್ಜಳನ ಭಂಡಾರದ ಲೆಕ್ಕ ನೋಡುತ್ತಿದ್ದವರು. ನಮ್ಮ ಬ್ಯಾಂಕಿನವರು, ಖಜಾನೆಯವರು ಇಲ್ಲಿ ಕೂತಿದ್ದೀರಿ, ವರ್ಷದ ಕೊನೆಯ ಲೆಕ್ಕ ಎಂದರೆ ಏನೆಂದು ನಿಮಗೆ ಗೊತ್ತು. ಅಂಥವರು, ದೇಹವೇ ದೇಗುಲ ಎಂದರು. ಗುಡಿಗೆ ಹೋಗಲು ಹೊತ್ತಿಲ್ಲದವರ ಕೊರಳಿಗೇ ಗುಡಿಯನ್ನು ಕಟ್ಟಿದರು. ಆದ್ದರಿಂದ ಪುರುಸೊತ್ತಿಲ್ಲದವರಿಗೆ ಇದು ಹೊಂದುವುದಿಲ್ಲ ಎಂದರೆ ನನಗೆ ನಗು ಬರುತ್ತದೆ.

ಇನ್ನು ಕೆಲವರು ಹೊತ್ತಿಲ್ಲ ಎನ್ನುವುದಿಲ್ಲ. ಅವರು ಜಾಣರು, "ಕಾಯಕವೇ ಕೈಲಾಸ" ಎನ್ನುತ್ತಾರೆ. ಕಚೇರಿಯ ಗೋಡೆಯ ಮೇಲೆ ಆ ಮಾತು ಬರೆಸಿರುತ್ತಾರೆ, ಕೆಳಗಿನ ಕುರ್ಚಿ ಹನ್ನೊಂದಾದರೂ ಖಾಲಿ ಇರುತ್ತದೆ. ಆ ಮಾತು ಬಸವಣ್ಣನವರ ಕಾಲದ ಶರಣ ಆಯ್ದಕ್ಕಿ ಮಾರಯ್ಯನದು. ಕಾಯಕದಲ್ಲಿ ಮುಳುಗಿದಾಗ ಗುರು ಬಂದರೂ ಮರೆಯಬೇಕು, ಲಿಂಗಪೂಜೆಯಾದರೂ ಮರೆಯಬೇಕು ಎಂದು ಅವನು ಹೇಳಿದ್ದು ನಿಜ. ನನಗೂ ಇಪ್ಪತ್ತೈದರ ವಯಸ್ಸಿನಲ್ಲಿ ಈ ವಚನ ಬಹಳ ಅನುಕೂಲವಾಗಿತ್ತು. ಆಮೇಲೆ ಒಂದು ದಿನ ಹೊಳೆಯಿತು. ಮಾರಯ್ಯ ಮರೆಯಬೇಕು ಎಂದ. ಬಿಡಬೇಕು ಎನ್ನಲಿಲ್ಲ. ಮರೆಯುವುದಕ್ಕೆ ಮೊದಲು ಅದು ನೆನಪಿನಲ್ಲಿ ಇರಬೇಕಲ್ಲ? ಮಗುವಿಗೆ ಹಾಲು ಕುಡಿಸುತ್ತಾ ತನ್ನ ಊಟ ಮರೆತ ತಾಯಿಗೂ ಮನೆಯಲ್ಲಿ ಒಲೆಯನ್ನೇ ಹೂಡದವಳಿಗೂ ವ್ಯತ್ಯಾಸವಿದೆ.

ನುಲಿಯ ಚಂದಯ್ಯನ ಪ್ರಸಂಗವೂ ಹೀಗೆಯೇ. ಶರಣರ ಸಂವಾದಗಳ ಗ್ರಂಥವಾದ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಹುಲ್ಲು ಕೊಯ್ದು, ಹಗ್ಗ ಹೊಸೆದು, ಮಾರಿ, ಬಂದದ್ದರಲ್ಲಿ ಜಂಗಮರಿಗೆ ದಾಸೋಹ ಮಾಡುತ್ತಿದ್ದವನು. ಒಂದು ದಿನ ಹುಲ್ಲು ಕೊಯ್ಯುವಾಗ ಇಷ್ಟಲಿಂಗ ಕಳಚಿ ಬಿತ್ತು. ಅವನು ತಿರುಗಿ ನೋಡದೆ ಹೊರೆ ಹೊತ್ತು ನಡೆದ. ಲಿಂಗವೇ ಹಿಂದೆ ಹಿಂದೆ ಬಂದು, ನನ್ನನ್ನು ಕಟ್ಟಿಕೋ ಎಂದು ಕೇಳಿತಂತೆ. ಅವನು ಒಪ್ಪಲಿಲ್ಲ. ಕೊನೆಗೆ ಮಡಿವಾಳ ಮಾಚಯ್ಯ ನಡುವೆ ಬಂದು ರಾಜಿ ಮಾಡಿಸಬೇಕಾಯಿತು. ಈ ಕಥೆ ಕೇಳಿ, ನೋಡಿದಿರಾ, ಲಿಂಗವೇ ಬೇಕಾಗಿರಲಿಲ್ಲ ಎನ್ನುವವರಿದ್ದಾರೆ. ನನಗೆ ಕಾಣುವುದು ಬೇರೆ. ಕಳಚಿ ಬಿದ್ದ ಮೇಲೂ ಬೆನ್ನು ಬಿಡದಷ್ಟು ಸಲುಗೆ ಅವರಿಬ್ಬರ ನಡುವೆ ಇತ್ತು. ಲಿಂಗವಿಡುವ ನಮ್ಮ ಕರಡಿಗೆ ಕಪಾಟಿನಲ್ಲಿ, ಒಡವೆಗಳ ಪಕ್ಕದಲ್ಲಿ, ಬೀಗದೊಳಗೆ ಇದೆ. ಅದು ನಮ್ಮ ಹಿಂದೆ ಹೇಗೆ ಬಂದೀತು?

ಮೊದಲು ಪೂಜೆ ಎಂದರೆ ಎಷ್ಟು ಹೊತ್ತಿನ ಕೆಲಸ ಎಂದು ನೋಡೋಣ. ನಾನು ನರ್ಸ್, ಗಡಿಯಾರ ನೋಡಿಯೇ ಎಲ್ಲವನ್ನೂ ಮಾಡಿದವಳು, ಇದನ್ನೂ ಗಡಿಯಾರ ಇಟ್ಟು ನೋಡಿದ್ದೇನೆ. ಸ್ನಾನವಾದ ಮೇಲೆ ಕೂತು ಹಣೆಗೆ ವಿಭೂತಿ ಹಚ್ಚಿಕೊಂಡು, ಕರಡಿಗೆಯಿಂದ ಲಿಂಗವಸ್ತ್ರ ಬಿಚ್ಚಿ, ಲಿಂಗವನ್ನು ಎಡಗೈ ಅಂಗೈಯಲ್ಲಿ ಇಟ್ಟುಕೊಳ್ಳುವುದು. ನಾಲ್ಕು ಹನಿ ನೀರು, ವಸ್ತ್ರದಿಂದ ಒರೆಸುವುದು, ವಿಭೂತಿ, ಒಂದು ಪತ್ರಿ ಅಥವಾ ಒಂದು ಹೂವು. ಇಷ್ಟಕ್ಕೆ ನಾಲ್ಕು ನಿಮಿಷ. ಆಮೇಲೆ ನೋಡುವುದು. ಎದುರಿನ ದೀಪದ ಬೆಳಕು ಲಿಂಗದ ಕಪ್ಪು ಮೈಮೇಲೆ ಸಾಸಿವೆಯಷ್ಟು ಚುಕ್ಕಿಯಾಗಿ ನಿಲ್ಲುತ್ತದೆ. ಆ ಚುಕ್ಕಿಯಲ್ಲಿ ಕಣ್ಣು ಇಟ್ಟು ‘ಓಂ ನಮಃ ಶಿವಾಯ’ ಎಂಬ ಷಡಕ್ಷರಿ ಮಂತ್ರ. ಎರಡನೆಯ ನಿಮಿಷಕ್ಕೆ ಕಣ್ಣಲ್ಲಿ ನೀರು ಬರುತ್ತದೆ. ಮೂರನೆಯ ನಿಮಿಷಕ್ಕೆ ಒಲೆಯ ಮೇಲಿನ ಹಾಲು ನೆನಪಾಗುತ್ತದೆ. ನಾಲ್ಕನೆಯದಕ್ಕೆ, ನಿನ್ನೆ ಯಾರೋ ಆಡಿದ ಮಾತಿಗೆ ಇವತ್ತು ಹೊಳೆದ ಉತ್ತರ. ಚುಕ್ಕಿ ಮಾತ್ರ ಅಲ್ಲೇ ಇರುತ್ತದೆ. ಮತ್ತೆ ಕಣ್ಣು ಅಲ್ಲಿಗೆ ತರುವುದು. ಈ ತರುವ ಕೆಲಸ ಎಂಟು ನಿಮಿಷ ನಡೆದರೆ ಸಾಕು. ಕಟ್ಟಿ ಮೇಲೆ ಏಳುವಾಗ ಒಟ್ಟು ಹನ್ನೆರಡು, ಹದಿಮೂರು ನಿಮಿಷ.

ಒಂದು ಸಣ್ಣ ಸೂಚನೆ, ಇದು ವೃತ್ತಿಯ ಅಭ್ಯಾಸ, ಬಾಯಿ ತಡೆಯುವುದಿಲ್ಲ. ಐವತ್ತು ದಾಟಿದವರಿಗೆ ಅಂಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದರೆ ಭುಜ ಹಿಡಿದುಕೊಳ್ಳುತ್ತದೆ. ಮೊಳಕೈಯನ್ನು ತೊಡೆಯ ಮೇಲೆ ಇಟ್ಟ ದಿಂಬಿಗೆ ಊರಿ. ಕೆಳಗೆ ಕೂರಲು ಆಗದಿದ್ದರೆ ಕುರ್ಚಿಯಲ್ಲಿ ಕೂತು ಟೇಬಲ್ಲಿಗೆ ಊರಿ. ಮೊಣಕಾಲು ನೋವಿನವರು ಚಕ್ಕಳಬಕ್ಕಳ ಹಾಕಿಯೇ ತೀರಬೇಕೆಂದು ಹಟ ಮಾಡಿ, ಎಂಟು ದಿನಕ್ಕೆ ಪೂಜೆಯನ್ನೇ ಬಿಟ್ಟಿದ್ದನ್ನು ನೋಡಿದ್ದೇನೆ.

ಈ ಹದಿಮೂರು ನಿಮಿಷವನ್ನು ಎಲ್ಲಿ ಇಡುವುದು? ಬ್ರಾಹ್ಮೀ ಮುಹೂರ್ತ ಎನ್ನುತ್ತಾರೆ. ನನ್ನ ಪಾಳಿಗಳು ಹೀಗಿದ್ದವು: ಬೆಳಗ್ಗೆ 8ರಿಂದ 2, ಮಧ್ಯಾಹ್ನ 2ರಿಂದ ರಾತ್ರಿ 8, ರಾತ್ರಿ 8ರಿಂದ ಬೆಳಗ್ಗೆ 8. ರಾತ್ರಿ ಪಾಳಿಯಲ್ಲಿ ಬ್ರಾಹ್ಮೀ ಮುಹೂರ್ತಕ್ಕೆ ನಾನು ಯಾರದೋ ಕೈಯಲ್ಲಿ ರಕ್ತನಾಳ ಹುಡುಕುತ್ತಿರುತ್ತಿದ್ದೆ. ಮೊದಲ ಕೆಲವು ವರ್ಷ ಐದು ಗಂಟೆಗೇ ಪೂಜೆ ಎಂದು ಗಡಿಯಾರಕ್ಕೆ ಕಟ್ಟಿಕೊಂಡು, ಪಾಳಿ ಬದಲಾದಾಗಲೆಲ್ಲ ಕೆಡಿಸಿಕೊಳ್ಳುತ್ತಿದ್ದೆ. ಉತ್ತರ ನನ್ನ ಅತ್ತೆಯವರ ಬಾಯಲ್ಲೇ ಇತ್ತು. ಅವರು ಎಂದೂ ಎಷ್ಟು ಗಂಟೆಗೆ ಪೂಜೆ ಎಂದು ಕೇಳಲಿಲ್ಲ. "ಲಿಂಗಪೂಜೆ ಆಯಿತೇ? ಹಾಗಾದರೆ ತಾಟು ಹಾಕುತ್ತೇನೆ" ಎನ್ನುತ್ತಿದ್ದರು. ಸ್ನಾನ, ಪೂಜೆ, ತುತ್ತು, ಈ ಮೂರೂ ಒಂದೇ ದಾರದಲ್ಲಿ ಪೋಣಿಸಿದ ಮಣಿಗಳು. ಬೆಳಗ್ಗೆ ಒಂಬತ್ತೂವರೆಗೆ ರಾತ್ರಿ ಪಾಳಿ ಮುಗಿಸಿ ಬಂದರೂ ಸ್ನಾನ ಮಾಡಲೇಬೇಕು, ಊಟ ಮಾಡಲೇಬೇಕು. ನಡುವೆ ಪೂಜೆಗೆ ಜಾಗ ತಾನಾಗಿ ಇದೆ. ಆ ದಿನದಿಂದ ನನ್ನ ಪೂಜೆಗೆ ಗಂಟೆ ಇಲ್ಲ.

ಚಹಾದ ಪ್ರಶ್ನೆ ಬರುತ್ತದೆ, ಬಂದೇ ಬರುತ್ತದೆ. ಪೂಜೆಗೆ ಮೊದಲು ಹನಿ ನೀರು ಮುಟ್ಟದ ಕಟ್ಟುನಿಟ್ಟಿನ ಮನೆಗಳಲ್ಲೂ ಚಹಾಕ್ಕೆ ಅದು ಹೇಗೋ ರಿಯಾಯಿತಿ ಸಿಕ್ಕಿಬಿಟ್ಟಿದೆ. ನಾನು ಅದರ ಮೇಲೆ ತೀರ್ಪು ಕೊಡುವುದಿಲ್ಲ, ನಾನೂ ಕುಡಿಯುತ್ತೇನೆ. ಆದರೆ ಸಕ್ಕರೆ ಕಾಯಿಲೆಯವರಿಗೆ ಮಾತ್ರ ಖಡಾಖಂಡಿತವಾಗಿ ಹೇಳುತ್ತೇನೆ. ಮಾತ್ರೆ ನುಂಗಿ, ಇಲ್ಲವೇ ಇನ್ಸುಲಿನ್ ಚುಚ್ಚಿಕೊಂಡು, ಪೂಜೆಯಾಗದೆ ತಿನ್ನುವುದಿಲ್ಲ ಎಂದು ಕೂರಬೇಡಿ. ಹಾಗೆ ಕೂತು, ಬೆವರಿ, ಕೈ ನಡುಗಿ, ಲಿಂಗ ಹಿಡಿದುಕೊಂಡೇ ಪ್ರಜ್ಞೆ ತಪ್ಪಿದ ಹಿರಿಯರೊಬ್ಬರನ್ನು ನಮ್ಮ ತುರ್ತು ವಿಭಾಗಕ್ಕೆ ತಂದಿದ್ದರು. ಗ್ಲೂಕೋಸ್ ಹೋದ ಮೇಲೆ ಕಣ್ಣು ಬಿಟ್ಟರು. ಅಂಥವರು ಮೊದಲು ಪೂಜೆ ಮಾಡಿ ಆಮೇಲೆ ಮಾತ್ರೆ ಮತ್ತು ಊಟ ಮಾಡಲಿ. ಅಥವಾ ತಿಂದು ಪೂಜೆಗೆ ಕೂರಲಿ. ಎಂಜಲೆಂಬ ಅಂಜಿಕೆ ಬೇಡ. ಆ ಅಂಜಿಕೆಯನ್ನು ಶರಣರು ಎಂದೋ ಬಿಡಿಸಿದ್ದಾರೆ, ಆ ವಿಷಯಕ್ಕೆ ಬರುತ್ತೇನೆ.

ಅದಕ್ಕೂ ಮೊದಲು ನಾನು ಬಿಟ್ಟ ಎರಡು ವರ್ಷದ ಕಥೆ. ನನಗಾಗ ಮೂವತ್ತೆರಡು, ಮೂವತ್ಮೂರು ವಯಸ್ಸು. ಎರಡು ಮಕ್ಕಳು. ಒಂದು ಶ್ರಾವಣದಲ್ಲಿ, ಇಂಥದ್ದೇ ಒಂದು ಗೋಷ್ಠಿಯಲ್ಲಿ, ಹಿರಿಯ ಸ್ವಾಮಿಗಳೊಬ್ಬರು ತ್ರಿಕಾಲ ಪೂಜೆಯ ಮಹಿಮೆ ಹೇಳಿದರು. ನಾನು ಎದ್ದು ಬಂದವಳೇ, ನಾಳೆಯಿಂದ ದಿನಕ್ಕೆ ಮೂರು ಸಲ, ಬೆಳಗ್ಗೆಯದು ಒಂದು ಗಂಟೆ ಹೊತ್ತು ಎಂದು ಸಂಕಲ್ಪ ಮಾಡಿದೆ. ಹೊಸ ಬೆಳ್ಳಿ ಕರಡಿಗೆಗೆ ಮುಂಗಡ ಕೊಟ್ಟೆ. ಪುಸ್ತಕದಲ್ಲಿ ಗೆರೆ ಎಳೆದು ದಿನವೂ ಗುರುತು ಹಾಕಲು ಶುರು ಮಾಡಿದೆ. ಹತ್ತೊಂಬತ್ತು ದಿನ ನಡೆಯಿತು. ಇಪ್ಪತ್ತನೆಯ ದಿನ ಚಿಕ್ಕವನಿಗೆ ಜ್ವರ. ಇಪ್ಪತ್ತೊಂದನೆಯ ದಿನ ಅರ್ಧ ಗಂಟೆ ಮಾಡಿದರೆ ಸಂಕಲ್ಪಕ್ಕೆ ಭಂಗ ಎನ್ನಿಸಿತು. ಹಾಗಾಗಿ ಏನೂ ಮಾಡಲಿಲ್ಲ. ಪುಸ್ತಕದ ಖಾಲಿ ಮನೆಗಳನ್ನು ನೋಡಿ ನಾಚಿಕೆಯಾಗಿ ಪುಸ್ತಕ ಮುಚ್ಚಿಟ್ಟೆ. ಅದರ ಜೊತೆಗೆ ಹಳೆಯ ಹದಿಮೂರು ನಿಮಿಷದ ಪೂಜೆಯೂ ಹೋಯಿತು. ಒಂದು ಗಂಟೆ ಮಾಡಲಾಗದವಳು ಹದಿಮೂರು ನಿಮಿಷ ಮಾಡುವುದೇನು ಎಂಬ ಬಿಂಕ. ಲಿಂಗ ಕೊರಳಲ್ಲಿತ್ತು, ಬಿಚ್ಚುತ್ತಿರಲಿಲ್ಲ, ಅಷ್ಟೆ.

ಮತ್ತೆ ಕೂರಿಸಿದವಳು ಲಕ್ಕಮ್ಮ. ಆಯ್ದಕ್ಕಿ ಲಕ್ಕಮ್ಮ, ಅದೇ ಮಾರಯ್ಯನ ಹೆಂಡತಿ. ಈ ದಂಪತಿ ರಾಯಚೂರು ಜಿಲ್ಲೆಯ ಲಿಂಗಸುಗೂರಿನ ಬಳಿಯ ಅಮರೇಶ್ವರದ ಕಡೆಯವರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಬೈದಳು: ಆಸೆ ಅರಸರಿಗೆ, ನಮಗೇಕೆ? ಹೆಚ್ಚಿನದನ್ನು ಅಲ್ಲೇ ಸುರಿದು ಬನ್ನಿ ಎಂದು ತಿರುಗಿ ಕಳಿಸಿದಳು. ನಿತ್ಯದ ಅಳತೆ ಮೀರಿ ತಂದದ್ದನ್ನು ಅವಳು ‘ಒಮ್ಮನ’ ಮೀರಿ ‘ಇಮ್ಮನ’ ಎನ್ನುತ್ತಾಳೆ. ಅಳತೆಯೂ ಹೌದು, ಮನಸ್ಸೂ ಹೌದು. ಅಕ್ಕಿ ಎರಡು ಪಾಲಾದರೆ ಮನಸ್ಸೂ ಎರಡು.

ಈ ಕಥೆ ಚಿಕ್ಕಂದಿನಿಂದ ಕೇಳಿದ್ದೆ, ಹಣದ ಆಸೆಗೆ ಹೇಳಿದ್ದು ಎಂದುಕೊಂಡಿದ್ದೆ. ಒಂದು ರಾತ್ರಿ ಪಾಳಿಯಲ್ಲಿ, ವಾರ್ಡು ತಣ್ಣಗಿದ್ದಾಗ, ಇದು ನನಗೇ ಬೈದದ್ದು ಎಂದು ತಿಳಿಯಿತು. ನಾನು ಪೂಜೆಯನ್ನು ಹೆಚ್ಚು ಆಯಲು ಹೋಗಿದ್ದೆ. ನಾಳೆಯದು, ನಾಡಿದ್ದಿನದು, ಮುಂದಿನ ಜನ್ಮದ್ದೂ ಸೇರಿಸಿ ಮೂಟೆ ಕಟ್ಟಲು ಹೋಗಿದ್ದೆ. ಲಕ್ಕಮ್ಮನ ಮನೆಯಲ್ಲಿ ಆ ಹೊತ್ತಿನ ಅಕ್ಕಿ ಆ ಹೊತ್ತಿಗೆ. ಮರುದಿನ ಸ್ನಾನ ಮಾಡಿ ಕೂತೆ. ಐದೇ ನಿಮಿಷ. ಲಿಂಗವಸ್ತ್ರ ಬೆವರಿನಿಂದ ಗಟ್ಟಿಯಾಗಿತ್ತು, ಗಂಟು ಬಿಚ್ಚಲು ಉಗುರು ಹಾಕಬೇಕಾಯಿತು.

ಇಲ್ಲಿ ಒಂದು ಮಾತು. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳ ಹೆಸರು ಯಾರಾದರೂ ಎತ್ತುತ್ತಾರೆಂದು ಗೊತ್ತು. 1907ರಲ್ಲಿ ಹುಟ್ಟಿ 2019ರವರೆಗೆ ಬಾಳಿದವರು, ನೂರು ದಾಟಿದ ಮೇಲೂ ನಸುಕಿನ ಪೂಜೆ ಬಿಟ್ಟವರಲ್ಲ. ಅವರನ್ನು ನೆನೆಯಬೇಕು. ಆದರೆ ನಮ್ಮ ಐದು ನಿಮಿಷವನ್ನು ಅವರ ಪೂಜೆಯ ಪಕ್ಕದಲ್ಲಿಟ್ಟು ಅಳೆದು, ಅದನ್ನೂ ಬಿಡುವುದಕ್ಕೆ ನೆಪ ಮಾಡಿಕೊಳ್ಳಬಾರದು. ಅವರಿಗೆ ಸಾವಿರಾರು ಮಕ್ಕಳ ಊಟ, ಓದು ನೋಡಿಕೊಳ್ಳುವ ಕಾಯಕವೂ ಇತ್ತು ಎಂಬುದನ್ನು ಮಾತ್ರ ನಾವು ಹೇಳುವುದಿಲ್ಲ. ಪೂಜೆಯ ಗಂಟೆಗಳನ್ನು ಮಾತ್ರ ಎಣಿಸುತ್ತೇವೆ.

ಈಗ ಸೂತಕದ ಮಾತು. ಹೆಣ್ಣುಮಕ್ಕಳೇ, ಇದು ಮುಖ್ಯವಾಗಿ ನಿಮಗೆ. ದಿನವೂ ಎಂದರೆ ದಿನವೂ ಆಗಬೇಕಾದರೆ ತಿಂಗಳಲ್ಲಿ ನಾಲ್ಕು ದಿನ ಹೊರಗೆ ಕೂರುವ ಲೆಕ್ಕ ಇರಬಾರದು. ಶರಣರು ಐದು ಸೂತಕಗಳನ್ನು ತಳ್ಳಿಹಾಕಿದರು: ಹುಟ್ಟಿನದು, ಸಾವಿನದು, ಜಾತಿಯದು, ಎಂಜಲಿನದು, ಮುಟ್ಟಿನದು. ಲಿಂಗವಂತರಿಗೆ ಇವು ಇಲ್ಲ. ಎಂಟುನೂರು ವರ್ಷಗಳಿಗೂ ಹಿಂದೆ ತೀರ್ಮಾನವಾದದ್ದನ್ನು ನಮ್ಮ ಎಷ್ಟು ಮನೆಗಳಲ್ಲಿ ನಡೆಸುತ್ತಿದ್ದೀರಿ? ಕೈ ಎತ್ತುವುದು ಬೇಡ, ಮುಜುಗರವಾಗುತ್ತದೆ. ನಮ್ಮ ಮನೆಯಲ್ಲೂ ನಾನು ಬಂದ ಹೊಸತರಲ್ಲಿ ಮುಟ್ಟಾದವರು ಅಡುಗೆಮನೆಗೆ ಬರುವಂತಿರಲಿಲ್ಲ, ಗೋಡೆಯ ಮೇಲೆ ಬಸವಣ್ಣನವರ ಫೋಟೋ ಮಾತ್ರ ದೊಡ್ಡದಾಗಿತ್ತು. ನನ್ನ ಕೆಲಸವನ್ನೇ ನೋಡಿ. ಒಂದೇ ರಾತ್ರಿಯಲ್ಲಿ ಹೆರಿಗೆ ವಾರ್ಡಿನಲ್ಲಿ ಹಸುಗೂಸನ್ನು ಎತ್ತಿಕೊಂಡಿದ್ದೇನೆ, ಮೂರು ಗಂಟೆಗೆ ಹೆಣದ ಕಣ್ಣು ಮುಚ್ಚಿ, ಗಲ್ಲಕ್ಕೆ ಬಟ್ಟೆ ಕಟ್ಟಿದ್ದೇನೆ. ಸೂತಕ ಲೆಕ್ಕ ಹಾಕಿದ್ದರೆ ಮೂವತ್ತೆರಡು ವರ್ಷದಲ್ಲಿ ನನಗೆ ಪೂಜೆಗೆ ಒಂದು ದಿನವೂ ಸಿಗುತ್ತಿರಲಿಲ್ಲ. ನಮ್ಮಂಥವರಿಗೆ ಈ ಬಾಗಿಲು ತೆರೆದಿಟ್ಟ ಉಪಕಾರವನ್ನು ಪುಸ್ತಕದಲ್ಲಿ ಓದಿದವರಿಗಿಂತ ನಾನು ಚೆನ್ನಾಗಿ ಬಲ್ಲೆ.

ಆಸ್ಪತ್ರೆಯ ಮಾತು ಬಂತು, ಒಂದು ಪ್ರಸಂಗ ಹೇಳಿಬಿಡುತ್ತೇನೆ. ಎಪ್ಪತ್ತೈದು ದಾಟಿದ ಅಜ್ಜಿ, ಜಾರಿ ಬಿದ್ದು ತೊಡೆಯ ಮೂಳೆ ಮುರಿದಿತ್ತು. ಶಸ್ತ್ರಚಿಕಿತ್ಸೆಗೆ ಕರೆದೊಯ್ಯುವ ಮೊದಲು ಮೈಮೇಲಿನ ಲೋಹವನ್ನೆಲ್ಲ ತೆಗೆಸುತ್ತೇವೆ. ವಿದ್ಯುತ್ತಿನಿಂದ ರಕ್ತ ನಿಲ್ಲಿಸುವ ಉಪಕರಣ ಬಳಸುವುದರಿಂದ ಲೋಹವಿದ್ದ ಕಡೆ ಚರ್ಮ ಸುಡಬಹುದು. ಕೊರಳಿನ ದಾರ ಉಸಿರಾಟದ ನಳಿಕೆ ಹಾಕಲೂ ಅಡ್ಡಿ. ಬಳೆ, ಮೂಗುತಿ, ತಾಳಿ ಎಲ್ಲ ಬಿಚ್ಚಿ ಕೊಟ್ಟ ಅಜ್ಜಿ, ಲಿಂಗ ಕಟ್ಟಿದ ಶಿವದಾರಕ್ಕೆ ನಾನು ಕೈ ಹಾಕುತ್ತಲೇ ನನ್ನ ಮಣಿಕಟ್ಟು ಹಿಡಿದಳು. "ತಂಗಿ, ಇದು ನನ್ನ ಮದುವೆಗಿಂತ ಹಳೆಯದು. ಇದಿಲ್ಲದೆ ನಾನು ಒಳಗೆ ಹೋಗುವುದಿಲ್ಲ." ಮಗ ಬೇಡಿಕೊಂಡ, ವೈದ್ಯರು ಹೇಳಿ ನೋಡಿದರು. ನಾನು ನನ್ನ ಸಮವಸ್ತ್ರದ ಕೊರಳು ಸ್ವಲ್ಪ ಸರಿಸಿ ನನ್ನ ಶಿವದಾರ ತೋರಿಸಿದೆ. "ಯಮ್ಮಾ, ನಿಮ್ಮದನ್ನು ನನ್ನದರ ಜೊತೆಗೆ ಇಟ್ಟುಕೊಳ್ಳುತ್ತೇನೆ. ಮೈಯಿಂದ ಇಳಿದಂತೆ ಆಗುವುದಿಲ್ಲ, ಮೈ ಬದಲಾದಂತೆ, ಅಷ್ಟೆ" ಎಂದೆ. ಎಲ್ಲಿಂದ ಬಂತೋ ಆ ಮಾತು. ಅವಳು ತಾನೇ ಬಿಚ್ಚಿ, ಕಣ್ಣಿಗೊತ್ತಿಕೊಂಡು, ನನ್ನ ಕೈಗಿಟ್ಟಳು. ಹತ್ತಿಬಟ್ಟೆಯಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡೆ. ಎರಡೂವರೆ ಗಂಟೆ ಎರಡು ಲಿಂಗ ಹೊತ್ತು ಓಡಾಡಿದೆ.

ಚೇತರಿಕೆ ಕೋಣೆಯಲ್ಲಿ ಅವಳಿಗೆ ಇನ್ನೂ ಪೂರ್ತಿ ಎಚ್ಚರವಿರಲಿಲ್ಲ. ಸುತ್ತಿದ್ದ ಬಟ್ಟೆ ತೆಗೆದು ಲಿಂಗವನ್ನು ಎಡಗೈಯಲ್ಲಿಟ್ಟೆ. ಕಣ್ಣು ಮುಚ್ಚಿಯೇ ಇತ್ತು. ಬಲಗೈ ನಿಧಾನವಾಗಿ ಬಂದು, ಹೆಬ್ಬೆರಳು ಲಿಂಗದ ಮೇಲೆ ಎರಡು ಸಲ ಆಡಿತು, ನೀರು ಒರೆಸುವಂತೆ. ಅರಿವಳಿಕೆಯ ಮದ್ದು ಇಳಿಯುವ ಮೊದಲೇ ಆ ಬೆರಳಿಗೆ ತನ್ನ ಕೆಲಸ ಗೊತ್ತಿತ್ತು. ದಿನವೂ ಮಾಡಿದ್ದು ಎಲ್ಲಿಗೆ ಹೋಗಿ ಸೇರುತ್ತದೆ ಎಂದು ನಾನು ಕಣ್ಣಾರೆ ಕಂಡದ್ದು ಅದೊಂದೇ ಸಲ.

ಕೆಲಸದ ನಡುವೆ ಏನು ಮಾಡುವುದು ಎಂದು ಕಾಲೇಜಿನ ಹುಡುಗರು ಕೇಳಿದ್ದರು. ನಾನು ಮಾಡುತ್ತಿದ್ದದ್ದು ಹೇಳುತ್ತೇನೆ. ನರ್ಸ್ ದಿನಕ್ಕೆ ಎಷ್ಟು ಸಲ ಕೈ ತೊಳೆಯುತ್ತಾಳೆ ಎಂದು ಲೆಕ್ಕವಿಲ್ಲ. ಸಾಬೂನಿನಿಂದ ಸರಿಯಾಗಿ ತೊಳೆಯಲು 40ರಿಂದ 60 ಸೆಕೆಂಡು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಅಷ್ಟು ಹೊತ್ತು ಯಾರೂ ತೊಳೆಯುವುದಿಲ್ಲ. ನಾನು ಷಡಕ್ಷರಿಯನ್ನು ನಿಧಾನವಾಗಿ ಇಪ್ಪತ್ತು ಸಲ ಹೇಳುತ್ತಾ ತೊಳೆಯುತ್ತಿದ್ದೆ. ಕೈಯೂ ಸ್ವಚ್ಛ, ಮುಂದಿನ ರೋಗಿಯ ಬಳಿ ಹೋಗುವಾಗ ಹಿಂದಿನವರ ಮೇಲಿನ ಸಿಟ್ಟು ನನ್ನ ಜೊತೆ ಬರುತ್ತಿರಲಿಲ್ಲ. ಇದು ಪೂಜೆಗೆ ಬದಲಿ ಎಂದು ನಾನು ಹೇಳುವುದಿಲ್ಲ. ಬೆಳಗಿನ ಹದಿಮೂರು ನಿಮಿಷ ಇಲ್ಲದ ದಿನಗಳಲ್ಲಿ ಈ ಮಂತ್ರ ಬರೀ ಸೆಕೆಂಡು ಎಣಿಸುವ ಸಾಧನವಾಗುತ್ತಿತ್ತು. ಇನ್ನು ಮೊಬೈಲಿನಲ್ಲಿ ಬೆಳಗ್ಗೆ ಒಂದು ವಚನ ಹತ್ತು ಗುಂಪುಗಳಿಗೆ ಕಳಿಸಿ, ಅದೇ ಪೂಜೆ ಎಂದುಕೊಂಡವರ ಬಗ್ಗೆ ಮಾತನಾಡುವುದಿಲ್ಲ. ನನಗೂ ದಿನಕ್ಕೆ ಮೂವತ್ತು ಬರುತ್ತವೆ, ಒಂದನ್ನೂ ಓದುವುದಿಲ್ಲ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ತಾಯಿ ಕೇಳಿದರು: "ನೀವು ಹೇಳುವುದು ಸರಿ, ಆದರೆ ನಳದಲ್ಲಿ ನೀರು ಬರುವ ದಿನ ಏನು ಮಾಡುವುದು?" ಎಲ್ಲರೂ ನಕ್ಕರು. ನಾನು ನಗಲಿಲ್ಲ, ಇವತ್ತಿನ ಪ್ರಶ್ನೆಗಳಲ್ಲಿ ಇದೇ ನಿಜವಾದದ್ದು. ಎಂಟು ದಿನಕ್ಕೊಮ್ಮೆ ನೀರು ಬರುವ ಊರಿನಲ್ಲಿ, ಬಂದ ಎರಡು ಗಂಟೆಯಲ್ಲಿ ಟಾಕಿ, ಡ್ರಮ್ಮು, ಕೊಡ ಎಲ್ಲ ತುಂಬಬೇಕು. ಆ ದಿನ ನಸುಕಿನಲ್ಲೇ ನಳದ ಬಾಯಿ ಉಸಿರು ಬಿಡುವ ಸದ್ದಾದರೆ ಮನೆಯಲ್ಲಿ ಯಾರಿಗೂ ದೇವರು ಕಾಣುವುದಿಲ್ಲ. ಅವರಿಗೆ ಹೇಳಿದ್ದು ಇಷ್ಟು: ನೀರು ತುಂಬಿಸಿ. ಪೈಪು ಹಿಡಿದು ನಿಂತಾಗ ಲಿಂಗ ಮರೆತರೆ ಮಾರಯ್ಯ ಒಪ್ಪುತ್ತಾನೆ. ತುಂಬಿದ ಮೇಲೆ ಸ್ನಾನ, ಆಮೇಲೆ ಕೂತುಕೊಳ್ಳಿ. ಆ ದಿನ ಐದೇ ನಿಮಿಷವಾದರೆ ಐದೇ. ಅವತ್ತಿನ ಬಾಕಿಯನ್ನು ಮರುದಿನಕ್ಕೆ ಸೇರಿಸಿ ತೀರಿಸಲು ಹೋಗಬೇಡಿ, ಲಕ್ಕಮ್ಮ ತಿರುಗಿ ಕಳಿಸುತ್ತಾಳೆ.

ನಾಳೆ ನಮ್ಮ ಓಣಿಯ ಸರದಿ. ಐದೂವರೆಗೆ ಬಿಡುತ್ತೇನೆ ಎಂದು ನೀರು ಬಿಡುವ ಹುಡುಗ ಹೇಳಿದ್ದಾನೆ, ಅವನ ಐದೂವರೆ ಕೆಲವೊಮ್ಮೆ ನಾಲ್ಕೂವರೆಯೂ ಆಗುತ್ತದೆ. ಕೊಡಗಳನ್ನು ತೊಳೆದು ಅಂಗಳದಲ್ಲಿ ಬೋರಲು ಹಾಕಿಯೇ ಇಲ್ಲಿಗೆ ಬಂದಿದ್ದೇನೆ.